ಟ್ರ್ಯಾಕ್ಟರ್‌ನ ಹೈಡ್ರಾಲಿಕ್ ಸಿಲಿಂಡರ್ ಸೋರುತ್ತಿದೆಯೇ? ಸೀಲ್ ಬದಲಿಸುವ ಮುನ್ನ ರಾಡ್ ನೋಡಿ

ವಿಜಯಪುರ, ಸೊಲ್ಲಾಪುರ, ಸಾಂಗ್ಲಿ ಭಾಗದ ದ್ರಾಕ್ಷಿ ತೋಟಗಳಲ್ಲಿ ಸಾಲುಗಳ ನಡುವೆ ಓಡಾಡಲು ಸಣ್ಣ ಟ್ರ್ಯಾಕ್ಟರೇ ಬೇಕು. ಧೂಳು, ಕೆಸರು, ಔಷಧ ಸಿಂಪಡಣೆ ಎಲ್ಲದರ ನಡುವೆ ದುಡಿಯುವ ಈ ಯಂತ್ರಗಳಲ್ಲಿ ಹೈಡ್ರಾಲಿಕ್ ಆಯಿಲ್ ಸೋರಿಕೆ ಸಾಮಾನ್ಯ ತೊಂದರೆ. ಊರಲ್ಲಿ ಜಮೀನು, ಪುಣೆಯಲ್ಲೋ ಮುಂಬೈಯಲ್ಲೋ ನೌಕರಿ ಇರುವವರಿಗೆ 'ಆಯಿಲ್ ಲೀಕ್ ಆಗ್ತಿದೆ, ಸೀಲ್ ಹಾಕಿಸಬೇಕು' ಎಂದು ಮನೆಯಿಂದ ಫೋನ್ ಬರುವುದೂ ಉಂಟು.

ಆದರೆ ಹೊಸ ಸೀಲ್ ಹಾಕಿದ ಕೆಲವೇ ವಾರಗಳಲ್ಲಿ ಮತ್ತೆ ಸೋರಿಕೆ ಶುರುವಾದರೆ? ಹೆಚ್ಚಿನ ಸಲ ಆಗಿರುವುದು ಇಷ್ಟೇ: ಸೀಲ್ ಬದಲಾಗಿದೆ, ಅದನ್ನು ಹಾಳು ಮಾಡಿದ ಕಾರಣ ಹಾಗೆಯೇ ಉಳಿದಿದೆ.

ಸಿಲಿಂಡರ್ ಒಳಗೆ ಏನಿದೆ?

ಲೋಡರ್, ಪವರ್ ಸ್ಟೀರಿಂಗ್, ರಿವರ್ಸಿಬಲ್ ನೇಗಿಲುಗಳಲ್ಲಿ ಹೊರಗೆ ಕಾಣುವ ಸಿಲಿಂಡರ್‌ನ ರಚನೆ ಸರಳ. ಒಂದು ಉಕ್ಕಿನ ಕೊಳವೆ, ಅದರೊಳಗೆ ಪಿಸ್ಟನ್, ಪಿಸ್ಟನ್‌ಗೆ ಜೋಡಿಸಿದ ಹೊಳೆಯುವ ರಾಡ್. ರಾಡ್ ಹೊರಬರುವ ಬಾಯಿಗೆ ಗ್ಲ್ಯಾಂಡ್ ಎನ್ನುತ್ತಾರೆ. ಅದರಲ್ಲಿ ಆಯಿಲ್ ತಡೆಯುವ ರಾಡ್ ಸೀಲ್ ಮತ್ತು ಹೊರಗಿನ ಧೂಳು ಒರೆಸುವ ವೈಪರ್ ಸೀಲ್ ಇರುತ್ತವೆ.

ಒಳಗಿನ ಒತ್ತಡ ಸಾಮಾನ್ಯವಾಗಿ 150ರಿಂದ 200 ಬಾರ್. ಕಾರಿನ ಟೈರ್‌ನಲ್ಲಿರುವುದು 2ರಿಂದ 2.5 ಬಾರ್ ಮಾತ್ರ. 50 ಮಿ.ಮೀ. ಒಳವ್ಯಾಸದ ಸಿಲಿಂಡರ್ 150 ಬಾರ್ ಒತ್ತಡದಲ್ಲಿ ಸುಮಾರು 3 ಟನ್ ಬಲದಿಂದ ತಳ್ಳುತ್ತದೆ.

ಸಣ್ಣ ಹನಿ ಎಂದು ಬಿಟ್ಟರೂ ನಷ್ಟವೇ. ಸೆಕೆಂಡಿಗೆ ಒಂದು ಹನಿ ಬಿದ್ದರೆ 8 ಗಂಟೆಯಲ್ಲಿ ಹೆಚ್ಚುಕಡಿಮೆ ಒಂದೂವರೆ ಲೀಟರ್ ಆಯಿಲ್ ಹೋಗುತ್ತದೆ. ಹಲವು ಟ್ರ್ಯಾಕ್ಟರ್‌ಗಳಲ್ಲಿ ಗೇರ್‌ಬಾಕ್ಸ್ ಮತ್ತು ಹೈಡ್ರಾಲಿಕ್‌ಗೆ ಒಂದೇ ಆಯಿಲ್. ಹಾಗಾಗಿ ಇಲ್ಲಿನ ಸೋರಿಕೆ ಗೇರ್‌ಬಾಕ್ಸ್‌ಗೂ ಪೆಟ್ಟು ಕೊಡಬಹುದು.

ಬೆರಳಿಟ್ಟು ಹುಡುಕಬೇಡಿ

ಅಷ್ಟು ಒತ್ತಡದಲ್ಲಿ ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಆಯಿಲ್ ಕಣ್ಣಿಗೆ ಕಾಣದಿರಬಹುದು, ಆದರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ, ಮೊದಲಿಗೆ ನೋವೂ ಕಡಿಮೆ. ಒಳಗೆ ಮಾತ್ರ ಮಾಂಸ ಕೊಳೆಯಲು ಶುರುವಾಗಿ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಇಂಥ ಗಾಯವಾದರೆ ಮುಲಾಮು ಹಚ್ಚಿ ಕೂರದೆ ತಕ್ಷಣ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, 'ಒತ್ತಡದ ಆಯಿಲ್ ಒಳಗೆ ಹೋಗಿದೆ' ಎಂದೇ ಹೇಳಬೇಕು.

ಸೋರುವ ಜಾಗ ಹುಡುಕಲು ಸಿಲಿಂಡರ್ ಮತ್ತು ಹೋಸ್ ಪೈಪ್‌ಗಳನ್ನು ಪೂರ್ತಿ ಒರೆಸಿ. ನಂತರ ಸ್ವಲ್ಪ ಹೊತ್ತು ಕೆಲಸ ಮಾಡಿಸಿ, ದೂರದಿಂದ ರಟ್ಟಿನ ತುಂಡು ಹಿಡಿದು ನೋಡಿ. ಎಷ್ಟೋ ಸಲ ಸೋರುವುದು ಸಿಲಿಂಡರ್ ಅಲ್ಲ, ಹೋಸ್‌ನ ತುದಿ. ರಾಡ್ ಮೇಲೆ ತೆಳುವಾದ ಆಯಿಲ್ ಪದರ ಸಹಜ, ಅದು ಹನಿಯಾಗಿ ಇಳಿದರೆ ಮಾತ್ರ ಸೀಲ್ ಕೆಟ್ಟಿದೆ ಎಂದರ್ಥ.

ಹೊರಗೆ ಹನಿ ಕಾಣದೆ, ಎತ್ತಿದ ಭಾರ ತಾನಾಗಿಯೇ ಕೆಳಗಿಳಿಯುತ್ತಿದ್ದರೆ ಪಿಸ್ಟನ್ ಸೀಲ್ ಅಥವಾ ಕಂಟ್ರೋಲ್ ವಾಲ್ವ್ ಒಳಗೊಳಗೇ ಸೋರುತ್ತಿರಬಹುದು. ಯಾವುದು ಎಂದು ತಿಳಿಯಲು ಪರೀಕ್ಷೆ ಮಾಡಿಸಬೇಕು. ಅಂದಾಜಿನ ಮೇಲೆ ಬಿಚ್ಚಬೇಡಿ.

ಬಿಚ್ಚುವ ಮುನ್ನ

* ಎತ್ತಿರುವ ಉಪಕರಣವನ್ನು ನೆಲಕ್ಕಿಳಿಸಿ. ಜಾಕ್ ಮೇಲೆ ನಿಂತಿರುವ ಟ್ರೇಲರ್ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ಇಳಿಸಲಾಗದಿದ್ದರೆ ಗಟ್ಟಿ ಆಧಾರ ಕೊಡಿ.
* ಎಂಜಿನ್ ಆಫ್ ಮಾಡಿ, ಕೀ ತೆಗೆದಿಡಿ. ಲಿವರ್ ಅನ್ನು ಹಲವು ಬಾರಿ ಹಿಂದೆ ಮುಂದೆ ಆಡಿಸಿ ಉಳಿದ ಒತ್ತಡ ಬಿಡಿ.
* ಆಯಿಲ್ ಬಿಸಿಯಿದ್ದರೆ ಆರಲು ಬಿಡಿ.
* ಹೋಸ್ ಬಿಚ್ಚಿದ ಕೂಡಲೇ ಅದರ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಒಂದು ಚಿಟಿಕೆ ಮಣ್ಣು ಒಳಹೋದರೂ ಹೊಸ ಸೀಲ್ ಹಾಳಾಗುತ್ತದೆ.

ಗ್ಲ್ಯಾಂಡ್ ಕೆಲವದರಲ್ಲಿ ತಿರುಪಿನದ್ದು, ಕೆಲವದರಲ್ಲಿ ಸರ್ಕ್ಲಿಪ್‌ನದ್ದು. ಬಿಗಿಯಾಗಿದೆ ಎಂದು ಕಂಪ್ರೆಸರ್ ಗಾಳಿ ಹಾಯಿಸಿ ರಾಡ್ ಹೊರತೆಗೆಯುವುದು ಅಪಾಯಕಾರಿ. ರಾಡ್ ಗುಂಡಿನಂತೆ ಚಿಮ್ಮಬಹುದು.

ರಾಡ್ ಹೇಳುವ ಕಥೆ

ಸೀಲ್ ತೆಗೆದ ಮೇಲೆ ಅವಸರ ಬೇಡ. ರಾಡ್ ಒರೆಸಿ, ಉಗುರನ್ನು ಅದರ ಉದ್ದಕ್ಕೂ ಮತ್ತು ಸುತ್ತಲೂ ಎಳೆಯಿರಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಅಥವಾ ತುಕ್ಕಿನ ಗುಳಿ ಇದೆ. ರಾಡ್ ಓಡಾಡಿದಾಗಲೆಲ್ಲ ಆ ಗೀರು ಸೀಲ್‌ನ ಅಂಚನ್ನು ಕೊಯ್ಯುತ್ತದೆ. ಹಾಗಿರುವಾಗ ಎಷ್ಟು ಸೀಲ್ ಹಾಕಿದರೂ ದುಡ್ಡು ದಂಡ. ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದರೆ ಮೇಲಿನ ಕ್ರೋಮ್ ಪದರ ಹೋಗಿ ತುಕ್ಕು ಬೇಗ ಹಿಡಿಯುತ್ತದೆ. ಹಾರ್ಡ್ ಕ್ರೋಮ್ ಮಾಡಿಸುವುದು ಅಥವಾ ರಾಡ್ ಬದಲಿಸುವುದೇ ದಾರಿ.

ರಾಡ್ ಬಾಗಿದೆಯೇ, ಕೊಳವೆಯ ಒಳಗೋಡೆಯಲ್ಲಿ ಗೆರೆಗಳಿವೆಯೇ ನೋಡಿ. ಗೋಡೆಯ ಸಣ್ಣ ಗೆರೆಗಳನ್ನು ಹೋನಿಂಗ್‌ನಿಂದ ಸರಿಪಡಿಸಬಹುದು, ಆಳವಾಗಿದ್ದರೆ ಆಗದು. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಕಪ್ಪಾಗಿ ಕೊಳೆಯಾಗಿದ್ದರೆ ಫಿಲ್ಟರ್ ಕೂಡ ಬದಲಿಸಿ.

ಸೀಲ್ ಹಾಕುವ ಕ್ರಮ

ಹಳೆಯ ಸೀಲ್ ಯಾವ ದಿಕ್ಕಿಗಿತ್ತು ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡೇ ಬಿಚ್ಚಿ. ಸ್ಕ್ರೂಡ್ರೈವರ್‌ನಿಂದ ಕೆದಕಿದರೆ ಸೀಲ್ ಕೂರುವ ಗಾಡಿಗೆ ಗೀರು ಬೀಳುತ್ತದೆ. ಮರದ ಅಥವಾ ಪ್ಲಾಸ್ಟಿಕ್ ಕಡ್ಡಿ ಬಳಸಿ. ಸೀಲ್ ಕಿಟ್ ಅನ್ನು ಪಾರ್ಟ್ ನಂಬರ್ ನೋಡಿ ಖರೀದಿಸಿ. ನಂಬರ್ ಅಳಿಸಿದ್ದರೆ ರಾಡ್, ಕೊಳವೆ, ಗಾಡಿ ಮೂರನ್ನೂ ವರ್ನಿಯರ್‌ನಿಂದ ಅಳೆಸಿ. 'ಇದೇ ಆಗುತ್ತೆ' ಎಂಬ ಅಂದಾಜಿನ ಸೀಲ್ ಬಾಳಿಕೆ ಬರುವುದಿಲ್ಲ.

ರಾಡ್ ಸೀಲ್‌ನ ತೆರೆದ ತುಟಿ ಆಯಿಲ್ ಒತ್ತಡದ ಕಡೆಗೆ, ವೈಪರ್‌ನ ತುಟಿ ಹೊರಗಡೆಗೆ ಇರಬೇಕು. ಹೊಸ ಸೀಲ್‌ಗೆ ಅದೇ ಹೈಡ್ರಾಲಿಕ್ ಆಯಿಲ್ ಸವರಿ. ರಾಡ್ ತುದಿಯ ತಿರುಪಿಗೆ ಟೇಪ್ ಸುತ್ತಿ ಸೀಲ್ ದಾಟಿಸಿ, ಇಲ್ಲದಿದ್ದರೆ ತಿರುಪಿನ ಅಂಚು ಅದನ್ನು ಹರಿಯುತ್ತದೆ. ಪಿಸ್ಟನ್ ನಟ್ ಅನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ.

ಜೋಡಿಸಿದ ಮೇಲೆ

ಭಾರವಿಲ್ಲದೆ, ಎಂಜಿನ್ ನಿಧಾನ ವೇಗದಲ್ಲಿಟ್ಟು ಸಿಲಿಂಡರ್ ಅನ್ನು ಪೂರ್ತಿ ಹೊರಗೆ, ಪೂರ್ತಿ ಒಳಗೆ ಹಲವು ಬಾರಿ ಓಡಿಸಿ. ಒಳಗಿನ ಗಾಳಿ ಹೋಗುತ್ತದೆ. ನಂತರ ಸಿಲಿಂಡರ್ ಒಳಸರಿಸಿ ಆಯಿಲ್ ಮಟ್ಟ ನೋಡಿ. ಮರುದಿನದ ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಟ್ರ್ಯಾಕ್ಟರ್ ಹಿಂಭಾಗದ ಲಿಫ್ಟ್‌ನ ಸಿಲಿಂಡರ್ ಬಹುತೇಕ ಮಾದರಿಗಳಲ್ಲಿ ಹೌಸಿಂಗ್ ಒಳಗೇ ಇರುತ್ತದೆ. ಹಲವು ಹಂತಗಳಲ್ಲಿ ಮೇಲೇಳುವ ಟ್ರೇಲರ್ ಜಾಕ್‌ನ ರಚನೆಯೂ ಬೇರೆ. ಇವೆರಡನ್ನೂ ಅನುಭವಿ ಮೆಕ್ಯಾನಿಕ್‌ಗೆ ಬಿಡುವುದು ಒಳ್ಳೆಯದು.

ದೂರದಿಂದ ದುಡ್ಡು ಕಳಿಸುವವರು ಮೆಕ್ಯಾನಿಕ್‌ಗೆ ಮೂರು ಪ್ರಶ್ನೆ ಕೇಳಲಿ: ರಾಡ್‌ನಲ್ಲಿ ಗೀರಿದೆಯೇ? ಆಯಿಲ್ ಹೇಗಿದೆ? ವೈಪರ್ ಸೀಲನ್ನೂ ಬದಲಿಸುತ್ತೀರಾ? ಸ್ಪಷ್ಟ ಉತ್ತರ ಸಿಕ್ಕರೆ ಮುಂದುವರಿಯಲಿ. ಸಿಗದಿದ್ದರೆ ಬಿಚ್ಚಿದ ರಾಡ್‌ನ ಫೋಟೊ ತರಿಸಿಕೊಂಡು ನೋಡಿದ ಮೇಲೆ ಒಪ್ಪಿಗೆ ಕೊಡಲಿ.