ಹದಿನೆಂಟು ತಾಸಿನ ಪಾಸು

‘ಲ್ಯಾಬ್ ರಿಪೋರ್ಟ್ ಪಾಸಾಗೈತಿ ಬಿಡ್ರಿ, ಇನ್ನೇನ್ ತ್ರಾಸಿಲ್ಲ!’ ಗಣಿಮಣ್ಣು, ಹಾರುಬೂದಿ, ಕಾರ್ಖಾನೆಯ ರಾಡಿ, ಯಾವುದರ ಮಾತೆತ್ತಿದರೂ ಗದಗ-ಬೆಟಗೇರಿಯಿಂದ ಮುಂಡರಗಿಯವರೆಗೆ ಇದೇ ಉತ್ತರ. ಯಾವ ಪರೀಕ್ಷೆಯಲ್ಲಿ ಪಾಸು ಎಂದು ಕೇಳಿ ನೋಡಿ, ಮುಖ ನೋಡುತ್ತಾರೆ.

ಬಹುತೇಕ ಅದು ಟಿಸಿಎಲ್‌ಪಿ. 100 ಗ್ರಾಂ ತ್ಯಾಜ್ಯವನ್ನು ಅದರ 20 ಪಟ್ಟು ತೂಕದ, ಅಸಿಟಿಕ್ ಆಮ್ಲ ಬೆರೆತ ದ್ರಾವಣದಲ್ಲಿ ಹಾಕಿ, ನಿಮಿಷಕ್ಕೆ 30 ಸುತ್ತಿನಂತೆ 18 ತಾಸು ತಿರುಗಿಸಿ, ಸೋಸಿ, ನೀರಿಗೆ ಇಳಿದದ್ದನ್ನು ಅಳೆಯುತ್ತಾರೆ. ಊರಿನ ಕೊಳೆತ ಕಸದ ಗುಂಡಿಗೆ ಕಾರ್ಖಾನೆ ತ್ಯಾಜ್ಯ ಬಿದ್ದರೆ ಏನಾದೀತು ಎಂದು ತಿಳಿಯಲು ಅಮೆರಿಕದವರು ಮಾಡಿಕೊಂಡ ಪರೀಕ್ಷೆ ಇದು. ಗಣಿಮಣ್ಣಿಗೆ ಇದನ್ನೇ ಹಚ್ಚುವುದೆಂದರೆ ಕುರಿಯ ಔಷಧಿಯನ್ನು ಎತ್ತಿಗೆ ಕುಡಿಸಿದಂತೆ.

2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡವನ್ನೇ ನೋಡಿ. ಬ್ರಿಟಿಷರ ಕಾಲದಲ್ಲಿ ಕಬಲಾಯತಕಟ್ಟಿ ಸುತ್ತ ಚಿನ್ನಕ್ಕಾಗಿ ಅಗೆದರು. ಈ ಸೀಮೆಯ ಚಿನ್ನದ ಅದಿರಿನಲ್ಲಿ ಆರ್ಸೆನೋಪೈರೈಟ್ ಇದೆ. ಕಬ್ಬಿಣ, ಗಂಧಕದ ಜೊತೆ ಬಂಧಿಯಾಗಿ ಕೂತ ಆರ್ಸೆನಿಕ್. ಗಾಳಿ-ಮಳೆ ಬಡಿದು ಆ ಬಂಧ ಬಿಚ್ಚಲು ವರ್ಷಗಳು ಬೇಕು. ಮುಚ್ಚಿದ ಬಾಟಲಿಯ 18 ತಾಸಿನಲ್ಲಿ ಅದು ಮೈಮುರಿದು ಏಳುವುದೂ ಇಲ್ಲ. ಇಂಥ ಕಲ್ಲಿಗೆ ತೇವದ ಗಾಳಿ ಹಾಯಿಸಿ, ವಾರವಾರ ತೊಳೆದು, ತಿಂಗಳುಗಟ್ಟಲೆ ಕಾಯುವ ಬೇರೆ ಪರೀಕ್ಷೆ ಇದೆ. ಆದರೆ ಕಾಯುವ ಪುರುಸೊತ್ತು ಯಾರಿಗಿದೆ?

ಲ್ಯಾಬಿನೊಳಗಿನ ಪಜೀತಿ ಬೇರೆ. ಕರಗಿದ ಕಬ್ಬಿಣಕ್ಕೆ ಗಾಳಿ ತಾಗಿದರೆ ತುಕ್ಕಿನ ಗಸಿಯಾಗಿ, ಆರ್ಸೆನಿಕ್ಕನ್ನೂ ಹಿಡಿದುಕೊಂಡು ಸೋಸುಹಾಳೆಯಲ್ಲೇ ಉಳಿಯುತ್ತದೆ. ಕೆಳಗಿಳಿದ ನೀರು ಚೊಕ್ಕ, ರಿಪೋರ್ಟೂ ಚೊಕ್ಕ! ಸುಣ್ಣದಂಶದ ಬೂದಿಯಾದರೆ ಹಾಕಿದ ಆಮ್ಲವನ್ನೇ ನುಂಗಿಬಿಡುತ್ತದೆ. ಇನ್ನು ಮಾದರಿ: ಗುಡ್ಡದಷ್ಟು ರಾಶಿಯ ಅಂಚಿನಿಂದ ಒಂದು ಬೊಗಸೆ.

ಆಗಲಿ, ಪಾಸೇ ಆಯಿತೆನ್ನಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಟಿಸಿಎಲ್‌ಪಿಯಲ್ಲಿ ಸೋಸಿದ ದ್ರಾವಣದ ಆರ್ಸೆನಿಕ್ ಮಿತಿ ಲೀಟರಿಗೆ 5 ಮಿಲಿಗ್ರಾಂ. ಕುಡಿಯುವ ನೀರಿಗೆ 0.01. ಐನೂರು ಪಟ್ಟು ಅಂತರ! ಕಾನೂನಿನ ಪ್ರಕಾರ ಯಾವುದನ್ನು ‘ಅಪಾಯಕಾರಿ’ ಎನ್ನಬೇಕೆಂದು ವಿಂಗಡಿಸುವ ಗೆರೆ ಅದು. ಬಾವಿಯ ಪಕ್ಕ ಸುರಿಯಲು ಕೊಟ್ಟ ಅಪ್ಪಣೆಯಲ್ಲ. ಸುರಪುರ ತಾಲೂಕಿನಲ್ಲಿ, ಹಳೆಯ ಚಿನ್ನದ ಗಣಿಯೊಂದಕ್ಕೆ ಸಮೀಪದ ಕಿರದಳ್ಳಿ ತಾಂಡಾದ ಜನ ಆರ್ಸೆನಿಕ್ ನೀರು ಕುಡಿದು ಚರ್ಮರೋಗಕ್ಕೆ ತುತ್ತಾದದ್ದು ನಮ್ಮ ರಾಜ್ಯದಲ್ಲೇ.

ನೀರು ತಿಳಿಯಾಗಿದ್ದರೆ ವಿಷವಿಲ್ಲ ಎನ್ನುವವರಿಗೆ: ಆರ್ಸೆನಿಕ್‌ಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ.

ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತ ಕಡೆ ಬೋರ್‌ವೆಲ್ ಕೊರೆಸುವ ಮುದುಕನನ್ನು ನೋಡಿ ನಗುವ ಓದಿದ ಹುಡುಗರೇ, ಲ್ಯಾಬ್ ರಿಪೋರ್ಟಿನ ಮೇಲೆ ದುಂಡು ಸೀಲು ಕಂಡೊಡನೆ ತಲೆಯಾಡಿಸುತ್ತಾರೆ. ಮುದುಕನಾದರೂ ನೀರು ಬಿತ್ತೋ ಇಲ್ಲವೋ ಎಂದು ಕೊನೆಗೆ ನೋಡುತ್ತಾನೆ.

ಶಿರಹಟ್ಟಿಯಿರಲಿ, ಲಕ್ಷ್ಮೇಶ್ವರವಿರಲಿ, ನಿಮ್ಮ ಗ್ರಾಮಸಭೆಗೆ ಇಂಥ ರಿಪೋರ್ಟ್ ಬಂದರೆ ಕೇಳಿ: ಯಾವ ಪರೀಕ್ಷೆ, ಮಾದರಿ ತೆಗೆದದ್ದು ಎಲ್ಲಿಂದ, 18 ತಾಸು ಮುಗಿದಾಗ ಪಿಎಚ್ ಎಷ್ಟಿತ್ತು? ಉತ್ತರ ಸಿಗದಿದ್ದರೆ ಠರಾವಿಗೆ ಸಹಿ ಹಾಕಬೇಡಿ.