ಹೆಗಲ ಮೇಲಿನ ಸಿಂಹ, ಹಿಂಬದಿಯ ಪಿನ್ನು

ಆಗಸ್ಟ್ 15, ಸೆಪ್ಟೆಂಬರ್ 17, ನವೆಂಬರ್ 1, ಜನವರಿ 26. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮಕ್ಕಳು ವರ್ಷಕ್ಕೆ ನಾಲ್ಕು ಬಾರಿ ಧ್ವಜಸ್ತಂಭದ ಮುಂದೆ ಸಾಲಾಗಿ ನಿಲ್ಲುತ್ತಾರೆ. ರಾಷ್ಟ್ರೀಯ ಹಬ್ಬಗಳು ಮತ್ತು ರಾಜ್ಯೋತ್ಸವದ ಜೊತೆಗೆ 1948ರ ವಿಮೋಚನೆಯ ನೆನಪಿನ ದಿನವೂ ಕಲ್ಯಾಣ ಕರ್ನಾಟಕದ ಪಾಲಿಗಿದೆ.

ಈ ದಿನಗಳ ಹಿಂದಿನ ರಾತ್ರಿ ಅನೇಕ ಮನೆಗಳಲ್ಲಿ ಒಂದೇ ಬಗೆಯ ಗಡಿಬಿಡಿ. ಎನ್‌ಸಿಸಿ ಸೇರಿದ ಮಗನ ಸಮವಸ್ತ್ರವೋ, ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಮಗಳ ಕೋಟೋ ಇಸ್ತ್ರಿಯಾಗಿ ಗೂಟಕ್ಕೆ ತೂಗುತ್ತಿರುತ್ತದೆ. ಹಿತ್ತಾಳೆಯ ಬಿಲ್ಲೆ ಮಾತ್ರ ನೆಟ್ಟಗೆ ಕೂಡುವುದಿಲ್ಲ. ಕೊನೆಗೆ ತಾಯಿ ಸೂಜಿದಾರ ತಂದು ಹೊಲಿದೇಬಿಡುತ್ತಾರೆ. ಮರುದಿನ ಮೈದಾನದಲ್ಲಿ ನೂರು ಹೆಜ್ಜೆ ಹಾಕುವಷ್ಟರಲ್ಲಿ ಬಿಲ್ಲೆ ತಲೆ ಬಾಗಿಸುತ್ತದೆ. ಎರಡು ಸಲ ಒಗೆದ ಮೇಲೆ ಬಟ್ಟೆಯಲ್ಲಿ ಕಂದು ಕಲೆ, ಹರಿದ ತೂತು. ತಮ್ಮನಿಗೋ ತಂಗಿಗೋ ಮುಂದೆ ಬರಬೇಕಾದ ಕೋಟು ಅಲ್ಲಿಗೇ ಮುಗಿಯಿತು. ದುಡ್ಡು ಕೂಡಿಸಿ ಹೊಲಿಸಿದ ತಂದೆಗೆ ಇದು ಸಣ್ಣ ನಷ್ಟವಲ್ಲ.

ಇದನ್ನು ತಪ್ಪಿಸಲು ಬೇಕಾಗಿರುವುದು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿರುವಷ್ಟೇ ತಿಳಿವಳಿಕೆ.

ಕಳಚುವುದಕ್ಕೇ ಇರುವ ಒಡವೆ

ಬಟ್ಟೆಗೆ ನೀರು, ಸಾಬೂನು, ಇಸ್ತ್ರಿ ಬೇಕು. ಲೋಹಕ್ಕೆ ಬೇಕಾದದ್ದು ಒಣ ಜಾಗ ಮತ್ತು ಆಗಾಗ ಉಜ್ಜುವ ಕೈ. ಒಂದರ ಆರೈಕೆ ಇನ್ನೊಂದಕ್ಕೆ ಆಗಿಬರುವುದಿಲ್ಲ. ಸೇನೆಯ ಬಿಲ್ಲೆ, ಗುಂಡಿಗಳು ಬಟ್ಟೆಯಿಂದ ಬಿಡಿಸಲು ಬರುವಂತೆ ರೂಪುಗೊಂಡಿರುವುದು ಇದಕ್ಕಾಗಿಯೇ. ಬಿಲ್ಲೆಯ ಹಿಂಬದಿಯಲ್ಲಿ ಎರಡು ಪುಟ್ಟ ಬಳೆಗಳಿರುತ್ತವೆ. ಅವು ಬಟ್ಟೆಯ ತೂತಿನಿಂದ ಒಳಗೆ ಇಣುಕುತ್ತವೆ. ಅವುಗಳ ಮೂಲಕ ಎರಡು ಕಾಲಿನ ಹಿತ್ತಾಳೆ ಪಿನ್ನು ತೂರಿಸಿದರೆ ಬಿಲ್ಲೆ ಭದ್ರ. ಬಂಡಿಯ ಗಾಲಿಗೆ ಕಡೆಗೀಲು ಹೇಗೋ, ಬಿಲ್ಲೆಗೆ ಈ ಪಿನ್ನು ಹಾಗೆ. ಈಚಿನ ಬಿಲ್ಲೆಗಳಲ್ಲಿ ಬಳೆಯ ಬದಲು ಎರಡು ಮೊಳೆಗಳಿದ್ದು, ಅವಕ್ಕೆ ಒಳಗಿನಿಂದ ಸ್ಪ್ರಿಂಗಿನ ಬಿರಡೆ ಅಥವಾ ಪುಟ್ಟ ನಟ್ಟು ಹಾಕುತ್ತಾರೆ.

ಎರಡೇ ಏಕೆ? ಗೋಡೆಗೆ ಒಂದೇ ಮೊಳೆ ಹೊಡೆದು ಹಲಗೆ ತೂಗುಹಾಕಿ ನೋಡಿ. ಅದು ಅತ್ತಿತ್ತ ತಿರುಗುತ್ತದೆ. ಎರಡನೆಯ ಮೊಳೆ ಬಿದ್ದರೆ ತಿರುಗುವುದು ನಿಲ್ಲುತ್ತದೆ. ಆ ಆಧಾರಗಳು ಗುರುತ್ವ ಕೇಂದ್ರಕ್ಕಿಂತ ಮೇಲಿದ್ದರೆ ಬಿಲ್ಲೆ ತಾನಾಗಿ ನೆಟ್ಟಗೆ ತೂಗುತ್ತದೆ. ಕೆಳಗಿದ್ದರೆ ಅದರ ಮೇಲ್ಭಾಗ ಮುಂದಕ್ಕೆ ವಾಲುತ್ತದೆ. ಪಥಸಂಚಲನದಲ್ಲಿ ನಿಮಿಷಕ್ಕೆ ಸುಮಾರು 120 ಹೆಜ್ಜೆ. ಹತ್ತು ನಿಮಿಷಕ್ಕೆ 1200 ಸಲ ಬಿಲ್ಲೆಗೆ ಕುಲುಕಾಟ. ಕೆಟ್ಟ ತೂತು ಹಿಗ್ಗುವುದಕ್ಕೆ ಅಷ್ಟು ಸಾಕು.

ದಬ್ಬಣವೋ ಕತ್ತರಿಯೋ?

ತೂತನ್ನು ಕತ್ತರಿಯಿಂದ ಮಾಡಬಾರದು. ಕತ್ತರಿ ಎಳೆಗಳನ್ನು ತುಂಡರಿಸುತ್ತದೆ, ದಬ್ಬಣ ಅವುಗಳನ್ನು ಪಕ್ಕಕ್ಕೆ ಸರಿಸುತ್ತದೆ. ಸರಿದ ಎಳೆಗಳು ಬಿಲ್ಲೆ ತೆಗೆದ ಮೇಲೆ ಮತ್ತೆ ಹತ್ತಿರ ಬರುತ್ತವೆ, ತುಂಡಾದವು ಬಿಚ್ಚಿಕೊಳ್ಳುತ್ತಲೇ ಹೋಗುತ್ತವೆ. ದಪ್ಪ ಬಳೆಗಾಗಿ ದೊಡ್ಡ ತೂತೇ ಬೇಕಾದರೆ ಟೇಲರ್ ಹತ್ತಿರ ಕಾಜಾ ಮಾಡಿಸುವುದು ಲೇಸು.

ಬಟ್ಟೆಯ ಒಳಬದಿಗೆ ಬಕ್ರಂ ಅಥವಾ ತೆಳು ಚರ್ಮದ ತುಂಡನ್ನು ಇಟ್ಟು, ಅದರಲ್ಲೂ ಅದೇ ಅಳತೆಯ ತೂತು ಮಾಡಬೇಕು. ಒತ್ತಡವೆಂದರೆ ಬಲವನ್ನು ಕ್ಷೇತ್ರಫಲದಿಂದ ಭಾಗಿಸಿದ್ದು ಎಂಬ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಿಲ್ಲೆಯ ಭಾರ ನಾಲ್ಕು ಎಳೆಗಳ ಮೇಲೆ ಬೀಳುವ ಬದಲು ಅಗಲವಾದ ತುಂಡಿನ ಮೇಲೆ ಹರಡುತ್ತದೆ. ಲೋಹದ ಆಯ್ಕೆಯೂ ಮುಖ್ಯ. ಹಿತ್ತಾಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ, ಅಲ್ಯೂಮಿನಿಯಮ್ಮಿನದು 2.7. ಅದೇ ಅಳತೆಯ ಅಲ್ಯೂಮಿನಿಯಂ ಬಿಲ್ಲೆಯ ಭಾರ ಮೂರನೆಯ ಒಂದು ಪಾಲಿನಷ್ಟೇ.

ಜಾಗ ಗುರುತಿಸುವಾಗ ಕೋಟನ್ನು ಮೇಜಿನ ಮೇಲೆ ಹಾಸಬಾರದು. ಹುಡುಗ ಅದನ್ನು ತೊಟ್ಟು, ಗುಂಡಿ ಹಾಕಿ, ನೆಟ್ಟಗೆ ನಿಂತಾಗ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಎದೆಯ ಉಬ್ಬು, ಹೆಗಲಿನ ಇಳಿಜಾರು ಮೇಜಿಗೆ ಇರುವುದಿಲ್ಲವಲ್ಲ!

ಬೆವರಿನಲ್ಲೊಂದು ವಿದ್ಯುತ್ಕೋಶ

ಬಟ್ಟೆಯ ಮೇಲಿನ ಕಂದು ಕಲೆ ಎಲ್ಲಿಯದು? ಹಿತ್ತಾಳೆ ಪಿನ್ನು ಕಳೆದುಹೋದಾಗ ಮನೆಯಲ್ಲಿ ಸಿಕ್ಕ ಕಬ್ಬಿಣದ ಪಿನ್ನು ಚುಚ್ಚಿದ್ದರ ಫಲ ಅದು. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಪುಟ್ಟ ವಿದ್ಯುತ್ಕೋಶವೇ ಸಿದ್ಧವಾಗುತ್ತದೆ. ರಾಯಚೂರು ಸೀಮೆಯ ಬಿಸಿಲಲ್ಲಿ ಬೆವರಿಗೆ ಬರವೆ? ಬೆವರೂ ಉಪ್ಪುನೀರೇ. ಆ ಕೋಶದಲ್ಲಿ ಹಿತ್ತಾಳೆ ಉಳಿದು ಕಬ್ಬಿಣ ಬೇಗ ತುಕ್ಕಾಗುತ್ತದೆ, ಆ ತುಕ್ಕು ಬಟ್ಟೆಗೆ ಹತ್ತುತ್ತದೆ. ಆದ್ದರಿಂದ ಹಿತ್ತಾಳೆಗೆ ಹಿತ್ತಾಳೆಯ ಪಿನ್ನೇ ಜೋಡಿ.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಗಾಳಿಯ ಆಮ್ಲಜನಕ, ಗಂಧಕದ ಅನಿಲಗಳು ತಾಗಿ ಮಂಕಾಗುತ್ತದೆ. ಅಜ್ಜಿ ಕೊಡ ಬೆಳಗುವ ಹುಣಸೆಹಣ್ಣು ಇದಕ್ಕೂ ಆದೀತು. ಅದರ ಆಮ್ಲ ಮಂಕು ಪದರವನ್ನು ಕರಗಿಸುತ್ತದೆ. ಆದರೆ ತೊಳೆದು ಪೂರ್ತಿ ಒಣಗಿಸದಿದ್ದರೆ ಉಳಿದ ಆಮ್ಲವೇ ಹಸಿರು ಕಿಲುಬಿಗೆ ಕಾರಣವಾಗುತ್ತದೆ. ಬಿಲ್ಲೆಯನ್ನು ಕಳಚಿಯೇ ಬೆಳಗಬೇಕು. ಬರಿಯ ಮೆರುಗು ಲೇಪದ ಬಿಲ್ಲೆಯನ್ನು ಉಜ್ಜಿದರೆ ಲೇಪವೇ ಹೋಗುತ್ತದೆ, ಅದಕ್ಕೆ ಒಣ ಬಟ್ಟೆ ಸಾಕು. ರಬ್ಬರ್ ಬ್ಯಾಂಡ್ ಸುತ್ತಿ ಇಡುವುದೂ ಬೇಡ, ರಬ್ಬರಿನಲ್ಲಿ ಗಂಧಕವಿರುತ್ತದೆ.

ಚಿನ್ನಕ್ಕೆ ಈ ಯಾವ ಕಾಟವೂ ಇಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇರುವುದು ಎಲ್ಲರಿಗೂ ಗೊತ್ತು. ಬಿಲ್ಲೆಯ ಕಥೆ ಮಸ್ಕಿಗೆ ಹೊರಳುವುದೂ ಚಿನ್ನದ ದಾರಿಯಿಂದಲೇ.

ಮಸ್ಕಿಯ ಬಂಡೆ ಹೇಳಿದ ಹೆಸರು

ಪೊಲೀಸ್ ಅಧಿಕಾರಿಗಳ ಹೆಗಲನ್ನು ಮಕ್ಕಳು ಗಮನಿಸಬೇಕು. ಸಬ್‌ಇನ್‌ಸ್ಪೆಕ್ಟರಿಗೆ ಎರಡು ನಕ್ಷತ್ರ, ಇನ್‌ಸ್ಪೆಕ್ಟರಿಗೆ ಮೂರು, ಜೊತೆಗೆ ಕೆಂಪು-ನೀಲಿ ಪಟ್ಟಿ. ಡಿವೈಎಸ್‌ಪಿಗೂ ಮೂರು ನಕ್ಷತ್ರ, ಆದರೆ ಆ ಪಟ್ಟಿ ಇಲ್ಲ. ಎಸ್‌ಪಿಯವರ ಹೆಗಲ ಮೇಲೆ ಅಶೋಕನ ಸಿಂಹ ಮತ್ತು ಒಂದು ನಕ್ಷತ್ರ. ಭೂಸೇನೆಯಲ್ಲಿ ಕ್ಯಾಪ್ಟನ್‌ಗೆ ಮೂರು ನಕ್ಷತ್ರ, ಮೇಜರ್‌ಗೆ ಸಿಂಹ. ಸಿಂಹ ಮತ್ತು ನಕ್ಷತ್ರ ಎರಡೂ ಇದ್ದಾಗ ಸಿಂಹದ ಜಾಗ ಕೊರಳಿನ ಕಡೆಗೆ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಕಿರೀಟವಿತ್ತು. 1950ರ ಜನವರಿ 26ರಂದು ಸಾರನಾಥದ ಸಿಂಹಶೀರ್ಷ ದೇಶದ ಲಾಂಛನವಾಯಿತು, ಕಿರೀಟ ಇಳಿದು ಸಿಂಹ ಏರಿತು.

ಆ ಅಶೋಕನ ಹೆಸರನ್ನು ಖಚಿತಪಡಿಸಿದ್ದು ಮಸ್ಕಿ. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೊರೆ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಕರೆದುಕೊಂಡಿದ್ದ. ಅವನೇ ಅಶೋಕ ಎಂದು ವಿದ್ವಾಂಸರು ತರ್ಕಿಸಿದ್ದರು. 1915ರಲ್ಲಿ ಚಿನ್ನದ ಗಣಿ ಇಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಮಸ್ಕಿಯ ಬಂಡೆಯ ಬ್ರಾಹ್ಮಿ ಬರಹ ಬಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅಲ್ಲಿ 'ಅಶೋಕ' ಎಂಬ ಹೆಸರೇ ಇತ್ತು!

ತಂದೆತಾಯಿಗಳಿಗೊಂದು ಮಾತು. ಶಾಲೆಯ ಕೋಟಿಗೆ ಚಂದ ಕಾಣಲೆಂದು ಅಂಗಡಿಯಲ್ಲಿ ಸಿಕ್ಕ ಸಿಂಹದ ಬಿಲ್ಲೆ ಹಾಕಿಸುವುದು ಸಲ್ಲ. ರಾಷ್ಟ್ರಲಾಂಛನದ ದುರ್ಬಳಕೆಯನ್ನು 2005ರ ಕಾಯ್ದೆ ನಿಷೇಧಿಸಿದೆ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೈನಿಕರ ಉಡುಪು, ಗುರುತು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಮಿನ ಪ್ರಕಾರ ಅಪರಾಧ. ಶಾಲೆಯ ಕೋಟಿಗೆ ಶಾಲೆಯ ಬಿಲ್ಲೆಯೇ ಶೋಭೆ.

ಮಸ್ಕಿಯ ಶಾಸನದ ತಾತ್ಪರ್ಯ ಇಷ್ಟು: ಉನ್ನತಿ ದೊಡ್ಡವರಿಗೆ ಮಾತ್ರ ಮೀಸಲೆಂದು ಎಣಿಸಬೇಡಿ, ಧರ್ಮದಲ್ಲಿ ನಿಷ್ಠೆಯಿಂದ ನಡೆದರೆ ಸಾಮಾನ್ಯನೂ ಅದನ್ನು ಪಡೆಯಬಲ್ಲ. ಸಿಂಹ ಎಲ್ಲರಿಗೂ ಕಾಣುತ್ತದೆ, ಅದನ್ನು ನೆಟ್ಟಗೆ ನಿಲ್ಲಿಸಿದ ಪಿನ್ನು ಯಾರಿಗೂ ಕಾಣುವುದಿಲ್ಲ. ಅದನ್ನು ಹಾಕುವ ಕೆಲಸವನ್ನು ಮುಂದಿನ ಹಬ್ಬದ ಹಿಂದಿನ ರಾತ್ರಿ ತಾಯಿಗೆ ಬಿಡದೆ ಮಕ್ಕಳೇ ಮಾಡಿಕೊಳ್ಳಲಿ.