ಕೊಬ್ಬಿನ ಗಂಟು: ತೆಗೆಸುವ ಮುನ್ನ, ತೆಗೆಸಿದ ಮೇಲೆ

ಹೆಗಲು, ಬೆನ್ನು ಅಥವಾ ತೋಳಿನಲ್ಲಿ ನಿಂಬೆಹಣ್ಣಿನಷ್ಟು ಗಂಟೊಂದು ವರ್ಷಗಟ್ಟಲೆಯಿಂದ ಇದೆಯೇ? ನೋವಿಲ್ಲದೆ, ಬೆರಳಿನಿಂದ ಒತ್ತಿದರೆ ಚರ್ಮದಡಿ ಮೆತ್ತಗೆ ಜಾರುತ್ತದೆಯೇ? ಹಾಗಿದ್ದರೆ ಅದು ಬಹುಮಟ್ಟಿಗೆ ಕೊಬ್ಬಿನ ಗಂಟು. ವೈದ್ಯರು ಇದನ್ನು ಲೈಪೋಮಾ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಎಣ್ಣೆ, ತುಪ್ಪ ತಿಂದದ್ದರಿಂದ ಬರುವುದಲ್ಲ. ಉಪವಾಸ ಮಾಡಿದರೆ ಕರಗುವುದೂ ಇಲ್ಲ. ಕೆಲವು ಮನೆತನಗಳಲ್ಲಿ ತಂದೆಗೂ ಮಗನಿಗೂ ಇಂಥ ಹತ್ತಾರು ಗಂಟುಗಳಿರುವುದುಂಟು.

ಎಲ್ಲರೂ ತೆಗೆಸಬೇಕಿಲ್ಲ. ಆದರೆ ಬುಕ್ಕಸಾಗರ, ಕಂಪ್ಲಿ ಕಡೆ ಭತ್ತದ ಚೀಲ, ಬಾಳೆಗೊನೆ ಹೊರುವವರಿಗೆ ಹೆಗಲ ಮೇಲಿನ ಗಂಟು ದಿನವೂ ಉಜ್ಜಿ ಕಾಟ ಕೊಡುತ್ತದೆ. ಅಂಥವರು ತೆಗೆಸುವುದೇ ಮೇಲು. ಬರೆ ಹಾಕಿಸುವುದು, ಸೂಜಿಯಿಂದ ಚುಚ್ಚಿ ಹಿಂಡುವುದು ಖಂಡಿತ ಬೇಡ. ಒಳಗೆ ಕೀವಿಲ್ಲ, ಹಿಂಡಿದರೆ ಇಲ್ಲದ ಕೀವನ್ನು ತಂದುಕೊಂಡಂತೆ.

ಗಂಟು 5 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಬೇಗ ಬೇಗ ಬೆಳೆಯುತ್ತಿದ್ದರೆ, ಗಟ್ಟಿಯಾಗಿ ಜಾರದೆ ಆಳದಲ್ಲಿ ಕೂತಿದ್ದರೆ ಮಾತ್ರ ಕತ್ತರಿಸುವ ಮೊದಲೇ ಸ್ಕ್ಯಾನಿಂಗ್ ಆಗಬೇಕು. ಕ್ಯಾನ್ಸರ್ ಗಂಟುಗಳೂ ಅಪರೂಪಕ್ಕೆ ಹೀಗೆ ಕಾಣಿಸಿಕೊಳ್ಳುತ್ತವೆ.

ಸಣ್ಣ ಗಂಟಿಗೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ಆ ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಡುತ್ತಾರೆ. ಮದ್ದು ಒಳಸೇರುವಾಗ ಕೆಲವು ಸೆಕೆಂಡು ಉರಿಯುತ್ತದೆ. ಆಮೇಲೆ ಎಳೆದಂತೆ, ಒತ್ತಿದಂತೆ ಅನಿಸಬಹುದು, ನೋವಾಗಬಾರದು. ಆದರೆ ಸುಮ್ಮನೆ ಹಲ್ಲು ಕಚ್ಚಿಕೊಂಡಿರದೆ ಹೇಳಿ, ಇನ್ನಷ್ಟು ಮದ್ದು ಕೊಡುತ್ತಾರೆ. ಗಂಟನ್ನು ಅದರ ತೆಳು ಪೊರೆಯ ಸಮೇತ ಬಿಡಿಸಿ ತೆಗೆದು ಹೊಲಿಗೆ ಹಾಕುತ್ತಾರೆ. ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆಯ ಕೆಲಸ. ಅದೇ ದಿನ ಮನೆಗೆ ಹೋಗಬಹುದು. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ನಿಜವಾದ ತಾಳ್ಮೆ ಬೇಕಾಗುವುದು ಮನೆಗೆ ಬಂದ ಮೇಲೆ. ಬೆನ್ನು, ಹೆಗಲಿನ ಹೊಲಿಗೆ ಬಿಚ್ಚಲು 10ರಿಂದ 14 ದಿನ ಬೇಕು. ಹೊಲಿಗೆ ಬಿಚ್ಚಿದೊಡನೆ ಗಾಯ ಗಟ್ಟಿಯಾಯಿತೆಂದು ತಿಳಿದು ಚೀಲ ಹೊತ್ತರೆ ಬಾಯಿ ಬಿಡಬಹುದು. ಇನ್ನೂ ಎರಡು ಮೂರು ವಾರ ಭಾರ ಬೇಡ. ಕೂಲಿಯವರಿಗೆ ಇದು ಹೊಟ್ಟೆಯ ಪ್ರಶ್ನೆ, ಬಲ್ಲೆ. ಆದ್ದರಿಂದಲೇ ಅವಸರವಿಲ್ಲದ ಈ ಶಸ್ತ್ರಕ್ರಿಯೆಯನ್ನು ಸುಗ್ಗಿ ಮುಗಿದ ಮೇಲೆ ಇಟ್ಟುಕೊಳ್ಳಿ. ಗಾಯಕ್ಕೆ ಅರಿಸಿನ, ಬೂದಿ ಹಚ್ಚಬೇಡಿ. ಗಂಟಿದ್ದ ಜಾಗದಲ್ಲಿ ನೀರು ತುಂಬಿ ಮತ್ತೆ ಉಬ್ಬಿದರೆ ಗಂಟು ಮರಳಿತೆಂದು ಗಾಬರಿಯಾಗದೆ ವೈದ್ಯರಿಗೆ ತೋರಿಸಿ. ಜ್ವರ, ಕೀವು, ಹೆಚ್ಚುವ ನೋವು, ನಿಲ್ಲದ ರಕ್ತ ಕಂಡರೆ ಅದೇ ದಿನ ಹೋಗಿ. ಕಲೆ ಉಳಿಯುತ್ತದೆ, ಹೆಗಲು, ಎದೆಯ ಮೇಲೆ ಕೆಲವರಿಗೆ ದಪ್ಪಗೆ ಏಳುವುದೂ ಉಂಟು.

ತೆಗೆದ ಗಂಟು ಎಷ್ಟೇ ಸಾಧುವಾಗಿ ಕಂಡರೂ ಪ್ರಯೋಗಾಲಯದ ಪರೀಕ್ಷೆಗೆ ಹೋಗುವುದು ಒಳ್ಳೆಯದು. ಕಳಿಸಿದ್ದಾರೆಯೇ ಎಂದು ಕೇಳಿ. ಹೊಲಿಗೆ ಬಿಚ್ಚಿಸಲು ಹೋದ ದಿನ ವರದಿಯನ್ನು ಕೇಳಿ ಪಡೆದು, ಚೀಟಿಯನ್ನು ಮನೆಯಲ್ಲಿ ಜೋಪಾನವಾಗಿಡಿ.